ಬೆಳ್ಳುಳ್ಳಿ ವಾಸನೆ ಘಮವಾದದ್ದು ಯಾವಾಗ?

ನಾನು ನ್ಯೂಯಾರ್ಕಿಗೆ ಹೋಗಿ ಬೋಟಿ ತಿಂದು ಬಂದೆ. ಹೀಗಂದರೆ ನಮ್ಮ ಕೇರಿಯವರೇ ನಗುತ್ತಾರೆ. ‘ಬೋಟಿ ತಿನ್ನಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಮೇಷ್ಟ್ರೆ?’ ಅಂತ. ಹೋಗಬೇಕಿತ್ತು. ನಮ್ಮೂರಿನಲ್ಲಿ ಬೋಟಿ ತಿನ್ನುವವನು ಜಗುಲಿ ಹತ್ತುವಂತಿಲ್ಲ. ಅಲ್ಲಿ ಅದೇ ಬೋಟಿಯನ್ನು ಇಸ್ತ್ರಿ ಅಂಗಿ ತೊಟ್ಟವನೊಬ್ಬ ಬಗ್ಗಿ ನಿಂತು, ಇವತ್ತಿನ ವಿಶೇಷ ಇದು ಎಂದು ಇಟಲಿಯ ಭಾಷೆಯಲ್ಲಿ ಹೆಸರು ಹೇಳಿ, ಬಟ್ಟೆ ಹಾಸಿದ ಮೇಜಿನ ಮೇಲೆ ತಂದಿಡುತ್ತಾನೆ. ಪ್ರಾಣಿ ಅದೇ. ಹೊಟ್ಟೆ ಅದೇ. ತೊಳೆಯುವ ಕಷ್ಟವೂ ಅದೇ. ಹಾಗಾದರೆ ಬದಲಾಗಿರುವುದು ಏನು? ಈ ಪ್ರಶ್ನೆ ಹಿಡಿದುಕೊಂಡು ಬರೆಯುತ್ತಿದ್ದೇನೆ. ಇದು ಪ್ರವಾಸ ಕಥನ ಅಲ್ಲ. ಅದನ್ನು ಬರೆಯುವವರು ಬೇರೆ ಇದ್ದಾರೆ. ಅವರಿಗೆ ಎಲ್ಲಿ ಹೋದರೂ ಮೊಸರನ್ನವೇ ನೆನಪಾಗುತ್ತದೆ.

ನನ್ನ ಅಕ್ಕನ ಮಗ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಕ್ಕ ಕೂಲಿ ಮಾಡಿ ಓದಿಸಿದ್ದು. ಹಾಸ್ಟೆಲ್ ಅನ್ನದಲ್ಲಿ ಬೆಳೆದ ಹುಡುಗ. ಒಂದು ಶನಿವಾರ ಸಂಜೆ ‘ಬಾ ಮಾವ, ಇಟಲಿಯವ್ರ ಊಟ ಮಾಡ್ಸ್ತೀನಿ. ದೊಡ್ ಹೋಟ್ಲಲ್ಲ, ಕೇರಿ ಹೋಟ್ಲು’ ಎಂದು ಬ್ರಾಂಕ್ಸ್ ಕಡೆ ಕರೆದುಕೊಂಡು ಹೋದ. ಕೇರಿ ಹೋಟ್ಲು ಎಂಬ ಮಾತು ಕೇಳಿ ನನಗೆ ಒಳಗೊಳಗೇ ನಗು. ನಮ್ಮ ಕೇರಿಯಲ್ಲಿ ಹೋಟ್ಲು ಎಲ್ಲಿತ್ತು? ಹೋಟ್ಲು ಊರಲ್ಲಿತ್ತು. ನಮ್ಮ ಲೋಟ ಅದರ ಸೂರಿನ ಗಳಕ್ಕೆ ಸಿಕ್ಕಿಸಿತ್ತು. ನಾವೇ ತೆಗೆದು, ನಾವೇ ತೊಳೆದು ಹಿಡಿದರೆ ಮೇಲಿಂದ ಕಾಫಿ ಸುರಿಯುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ಮಾತು. ಆ ಕಾಫಿಯ ಬಿಸಿ ಈಗಲೂ ಬೆರಳಲ್ಲಿದೆ.

ಬ್ರಾಂಕ್ಸಿನ ಆರ್ಥರ್ ಅವೆನ್ಯೂ ಎಂಬುದು ಇಟಲಿಯಿಂದ ಬಂದ ಕೂಲಿಗಳು ಕಟ್ಟಿಕೊಂಡ ಬೀದಿ. ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದವರನ್ನು ಒಂದೇ ಸೂರಿನ ಕೆಳಗೆ ಕೂರಿಸಲು 1940ರಲ್ಲಿ ಕಟ್ಟಿಸಿದ ಮಾರುಕಟ್ಟೆ ಇನ್ನೂ ಅಲ್ಲಿದೆ. ನಾವು ಹೋದ ಜಾಗ ಅದರ ಪಕ್ಕದ ಸಣ್ಣ ಹೋಟೆಲು. ಹದಿನೈದು ಮೇಜು ಇರಬಹುದು. ಕೆಂಪು ಬಿಳಿ ಚೌಕಳಿ ಬಟ್ಟೆ. ಗೋಡೆ ತುಂಬ ಹಳೆಯ ಫೋಟೋಗಳು: ಮೀಸೆ ಬಿಟ್ಟ ಗಂಡಸರು, ತಲೆಗೆ ಬಟ್ಟೆ ಕಟ್ಟಿದ ಹೆಂಗಸರು, ಬರಿಗಾಲಿನ ಮಕ್ಕಳು. ನಮ್ಮವರ ಫೋಟೋ ಇದ್ದಿದ್ದರೆ ಹೀಗೇ ಇರುತ್ತಿತ್ತು. ನಮ್ಮವರ ಫೋಟೋ ತೆಗೆದವರು ಯಾರು? ಬಾಗಿಲು ತೆಗೆದ ಕೂಡಲೇ ಎಣ್ಣೆಯಲ್ಲಿ ಬಾಡಿದ ಬೆಳ್ಳುಳ್ಳಿಯ ಘಮ ಮುಖಕ್ಕೆ ರಾಚಿತು.

ಮೇಜಿನಲ್ಲಿ ನಮ್ಮ ಜೊತೆ ಇನ್ನೊಬ್ಬರು ಬಂದು ಕೂತರು. ಹುಡುಗನ ಆಫೀಸಿನಲ್ಲಿ ಅವನಿಗಿಂತ ಮೇಲಿನವರು, ಬೆಂಗಳೂರಿನವರು. ಒಳ್ಳೆಯವರೇ. ‘ಬನ್ನಿ ಮೇಷ್ಟ್ರೆ, ಕನ್ನಡ ಕೇಳಿ ಕಿವಿ ತಂಪಾಯ್ತು’ ಎಂದರು. ಮೆನು ಕಾರ್ಡು ಬಿಡಿಸಿ ಹೇಳಿದರು: ‘ಇಟಾಲಿಯನ್ ಅಂದ್ರೆ ನಮಗೆ ಸೇಫು ನೋಡಿ. ಪ್ಯೂರ್ ವೆಜ್ ಸಿಗುತ್ತೆ. ಆ ಮೆಕ್ಸಿಕನ್ ಗಿಕ್ಸಿಕನ್ ನಂಬಕ್ಕಾಗಲ್ಲ.’

ದಾರಿಯಲ್ಲಿ ನನ್ನ ಅಳಿಯ ಆ ಹೋಟೆಲಿನ ದನದ ಮಾಂಸದ ಉಂಡೆಯ ಗುಣಗಾನ ಮಾಡಿಕೊಂಡೇ ಬಂದಿದ್ದ. ಸ್ಪಗೆಟ್ಟಿ ಎಂಬ ಶಾವಿಗೆಯ ಮೇಲೆ ಟೊಮೆಟೊ ಗೊಜ್ಜು, ಅದರ ಮೇಲೆ ಉಂಡೆ. ಬಡಿಸುವವನು ಬಂದು ಕೇಳಿದಾಗ ಅದೇ ಹುಡುಗ ‘ನನಗೆ ಬದನೆಕಾಯಿ’ ಅಂದ. ನಾನು ಮುಖ ನೋಡಿದೆ. ಮೇಜಿನ ಕೆಳಗೆ ನನ್ನ ಕಾಲು ಒತ್ತಿದ.

ಗೆಳೆಯರೆ, ಈ ಕಾಲು ಒತ್ತುವುದಿದೆಯಲ್ಲ, ಇದು ನಮಗೆ ಹೊಸದಲ್ಲ. ಬಾಡಿಗೆ ಮನೆ ಕೇಳುವಾಗ ಹೆಂಡತಿ ಒತ್ತುತ್ತಾಳೆ. ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುವಾಗ ಜೊತೆಯ ಮೇಷ್ಟ್ರು ಒತ್ತುತ್ತಾರೆ. ಹದಿಮೂರು ಸಾವಿರ ಕಿಲೋಮೀಟರು ದಾಟಿದ ಮೇಲೂ ಆ ಕಾಲು ಬಂದು ನನ್ನ ಕಾಲನ್ನು ಹುಡುಕಿತು. ‘ಇಲ್ಲಿ ಜಾತಿ ಇಲ್ಲ ಮಾವ’ ಎಂದು ವಿಮಾನ ನಿಲ್ದಾಣದಲ್ಲಿ ಹೇಳಿದ್ದವನು ಇವನೇ. ಜಾತಿ ಇಲ್ಲದಿದ್ದರೆ ಸಿಯಾಟಲ್ ನಗರಸಭೆ 2023ರಲ್ಲಿ ಜಾತಿ ತಾರತಮ್ಯದ ವಿರುದ್ಧ ಕಾನೂನು ಯಾಕೆ ಮಾಡಿತು? ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದೇ ಮಸೂದೆ ಪಾಸು ಮಾಡಿದಾಗ ಅದನ್ನು ತಡೆಯಲು ಟೊಂಕ ಕಟ್ಟಿದವರಲ್ಲಿ ನಮ್ಮ ದೇಶದವರೇ ಯಾಕಿದ್ದರು? ಗವರ್ನರು ಕೊನೆಗೆ ಸಹಿ ಹಾಕಲಿಲ್ಲ.

ನಾನು ಬೋಟಿ ಹೇಳಿದೆ. ಮುದುಕ, ಯಾರೇನು ಮಾಡಿಯಾರು. ಬೆಂಗಳೂರಿನವರು ‘ಅದೇನು ಮೇಷ್ಟ್ರೆ?’ ಎಂದರು. ‘ಇಲ್ಲಿನ ವಿಶೇಷವಂತೆ’ ಅಂದೆ. ಅಷ್ಟೇ ಅಂದದ್ದು. ಇದು ಹೇಡಿತನ. ಈ ಲೇಖನದ ಅರ್ಧ ಸಿಟ್ಟು ನನ್ನ ಮೇಲೆಯೇ ಇದೆ, ಓದುವಾಗ ನೆನಪಿರಲಿ.

ಈಗ ಆ ತಟ್ಟೆಗಳ ವಿಚಾರ.

ಬೋಟಿ ರೋಮ್ ನಗರದ ಬಡವರ ಅಡಿಗೆ. ಅಲ್ಲಿ ಕಡಿದ ದನವನ್ನು ನಾಲ್ಕು ಪಾಲು ಮಾಡುತ್ತಿದ್ದರು. ಪಾಲುಗಳು ಉಳ್ಳವರಿಗೆ, ಪಾದ್ರಿಗಳಿಗೆ, ಪಟ್ಟಣದ ದೊಡ್ಡವರಿಗೆ. ಉಳಿದ ಕರುಳು, ಹೊಟ್ಟೆ, ಬಾಲ, ತಲೆ? ಅದಕ್ಕೆ ‘ಐದನೆಯ ಪಾಲು’ ಎಂದು ಹೆಸರು. ರೋಮಿನ ಟೆಸ್ಟಾಚಿಯೊ ಎಂಬಲ್ಲಿ 1975ರವರೆಗೆ ದೊಡ್ಡ ಕಸಾಯಿಖಾನೆ ಇತ್ತು. ಅಲ್ಲಿ ಚರ್ಮ ಸುಲಿಯುವವರಿಗೆ ಕೂಲಿಯ ಒಂದು ಭಾಗವಾಗಿ ಈ ಐದನೆಯ ಪಾಲನ್ನೇ ಕೊಡುತ್ತಿದ್ದರು. ಅವರ ಹೆಂಗಸರು ಅದನ್ನು ತೊಳೆದು, ಬೇಯಿಸಿ, ಟೊಮೆಟೊ ಹಾಕಿ ಅಡಿಗೆ ಮಾಡಿದರು. ಇವತ್ತು ಲೋಕವೆಲ್ಲ ಹೊಗಳುವ ದನದ ಬಾಲದ ಸಾರಿಗೆ ಆ ಚರ್ಮ ಸುಲಿಯುವವರದೇ ಹೆಸರು. ಅದನ್ನು ಬದಲಿಸಿಲ್ಲ, ಮುಚ್ಚಿಟ್ಟಿಲ್ಲ. ನಮ್ಮಲ್ಲಿ ಚರ್ಮ ಸುಲಿಯುವವನ ಹೆಸರಿಟ್ಟುಕೊಂಡ ಒಂದು ಅಡಿಗೆಯನ್ನು ಯಾವ ಹೋಟೆಲಿನ ಬೋರ್ಡಿನಲ್ಲಾದರೂ ಓದಿದ್ದೀರಾ? ನಮ್ಮ ಜಾತಿಯ ಹೆಸರು ಇವತ್ತಿಗೂ ಬೈಗುಳ.

ಬದನೆಕಾಯಿಯ ಕಥೆ ಇನ್ನೂ ಚೆನ್ನ. ಅದು ಏಷ್ಯಾದ ನಮ್ಮ ಕಡೆಯಿಂದ ಅರಬರ ಕೈ ಹಿಡಿದು ಸಿಸಿಲಿಗೆ ಹೋದದ್ದು. ಪೆಲ್ಲೆಗ್ರಿನೊ ಆರ್ಟುಸಿ ಎಂಬಾತ 1891ರಲ್ಲಿ ಇಟಲಿಯ ಹೆಸರಾಂತ ಅಡಿಗೆ ಪುಸ್ತಕ ಪ್ರಕಟಿಸಿದ. ಅದಕ್ಕೂ ನಲವತ್ತು ವರ್ಷ ಹಿಂದೆ ಫ್ಲಾರೆನ್ಸಿನ ಸಂತೆಯಲ್ಲಿ ಬದನೆ ಕಾಣುವುದೇ ಅಪರೂಪವಿತ್ತು ಎಂದು ಆತ ಬರೆದಿದ್ದಾನೆ. ಕಾರಣವನ್ನೂ ಕೊಟ್ಟಿದ್ದಾನೆ: ಅದು ಯೆಹೂದಿಗಳು ತಿನ್ನುವ ತರಕಾರಿ, ಆದ್ದರಿಂದ ಹೀನ. ನೋಡಿ, ಬದನೆಕಾಯಿಗೂ ಮೈಲಿಗೆ! ತಪ್ಪು ಕಾಯಿಯದಲ್ಲ, ತಿಂದವನದು.

ಆ ಬದನೆಯ ಮೇಲೆ ಬಡಿಸುವವನು ಗಟ್ಟಿ ಚೀಸನ್ನು ತುರಿದು ಉದುರಿಸಿದ. ‘ಇದು ಅಸಲಿ, ಇಟಲಿಯ ಪಾರ್ಮಿಜಾನೊ’ ಎಂದು ಹೆಮ್ಮೆಯಿಂದ ಹೇಳಿದ. ಬೆಂಗಳೂರಿನವರು ‘ಇನ್ನೂ ಸ್ವಲ್ಪ’ ಅಂದರು. ಇನ್ನೂ ಉದುರಿಸಿದ. ಆ ಚೀಸನ್ನು ಅಲ್ಲಿನ ನಿಯಮದಂತೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದಲೇ ಮಾಡಬೇಕು. ಇನ್ನೂ ಹಾಲು ಬಿಡದ ಕರು. ಬೇರೆ ಹೆಪ್ಪು ಹಾಕಿದರೆ ಅದಕ್ಕೆ ಆ ಹೆಸರಿಲ್ಲ. ನನ್ನ ತಟ್ಟೆಯಲ್ಲಿ ದನದ ಹೊಟ್ಟೆ. ಅವರ ತಟ್ಟೆಯಲ್ಲಿ ಕರುವಿನ ಹೊಟ್ಟೆ. ವ್ಯತ್ಯಾಸ ಇಷ್ಟೆ: ನಾನು ತಿನ್ನುತ್ತಿರುವುದು ಏನೆಂದು ನನಗೆ ಗೊತ್ತಿತ್ತು.

ನಮ್ಮ ರಾಜ್ಯದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ದನ ಕಡಿದರೆ 3ರಿಂದ 7 ವರ್ಷ ಜೈಲು. ಕೇರಿಯ ಬಾಣಲೆಯ ಮೇಲೆ ಪೊಲೀಸರ ಕಣ್ಣು. ಬೆಂಗಳೂರಿನ ದೊಡ್ಡ ಹೋಟೆಲಿನ ಪಿಜ್ಜಾದ ಮೇಲೆ ಇಟಲಿಯ ಕರುವಿನ ಹೆಪ್ಪು ಬಿದ್ದರೆ ಯಾವ ಗೋರಕ್ಷಕನೂ ಬಾಗಿಲು ತಟ್ಟುವುದಿಲ್ಲ. ತಟ್ಟಬೇಕೆಂದು ನಾನು ಹೇಳುತ್ತಿಲ್ಲ. ಅವರು ತಿನ್ನಲಿ, ಚೆನ್ನಾಗಿಯೇ ಇರುತ್ತದೆ. ಆದರೆ ಶುದ್ಧ ಎಂಬ ಮಾತನ್ನು ಬಾಯಿಂದ ಇಳಿಸಿ ತಿನ್ನಲಿ.

ಊಟದ ನಡುವೆ ಅವರು ಗೋಡೆಯ ಫೋಟೋ ತೋರಿಸಿ ಒಂದು ಮಾತು ಹೇಳಿದರು. ನನ್ನ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿರುವುದು ಅದೇ. ‘ನೋಡಿ ಮೇಷ್ಟ್ರೆ, ಈ ಜನ ಭಿಕಾರಿಗಳಾಗಿ ಬಂದ್ರು. ಯಾರೂ ಮೀಸಲಾತಿ ಕೊಡ್ಲಿಲ್ಲ. ಕಷ್ಟಪಟ್ರು, ಎರಡು ತಲೆಮಾರಲ್ಲಿ ಮೇಲೆ ಬಂದ್ರು. ನಮ್ಮಲ್ಲಿ ಆ ಛಲ ಇಲ್ಲ.’ ನಮ್ಮಲ್ಲಿ ಎಂದರೆ ಯಾರಲ್ಲಿ ಎಂದು ಅವರು ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಅಲ್ಲಿ ಬಾಯಿ ಕಟ್ಟಿತ್ತು. ಇಲ್ಲಿ ಹೇಳುತ್ತೇನೆ.

ಭಿಕಾರಿಗಳಾಗಿ ಬಂದದ್ದು ನಿಜ. 1880ರಿಂದ 1924ರೊಳಗೆ ಸುಮಾರು 40 ಲಕ್ಷ ಇಟಲಿ ಜನ ಅಮೆರಿಕಕ್ಕೆ ಬಂದರು. ಹೆಚ್ಚಿನವರು ದಕ್ಷಿಣದವರು, ಸಿಸಿಲಿ, ಕಲಾಬ್ರಿಯಾ, ನೇಪಲ್ಸ್ ಸೀಮೆಯ ಜಮೀನ್ದಾರರ ಹೊಲದಲ್ಲಿ ದುಡಿದವರು. ಮಾಂಸ ಕಾಣುತ್ತಿದ್ದದ್ದು ಹಬ್ಬಕ್ಕೆ. ಅಮೆರಿಕದಲ್ಲಿ ಕೂಲಿ ಕೈಗೆ ಸಿಕ್ಕಿತು, ಮಾಂಸ ಅಗ್ಗವಿತ್ತು, ಶಾವಿಗೆಯ ಮೇಲೆ ಉಂಡೆ ಬಂದು ಕೂತಿತು. ಆ ತಟ್ಟೆ ಇಟಲಿಯದಲ್ಲ, ಕೂಲಿ ಸಿಕ್ಕಿದ ಇಟಲಿಯವನದು. ಅವರನ್ನು ಕಂಡರೆ ಅಮೆರಿಕದವರು ಮೂಗು ಮುಚ್ಚುತ್ತಿದ್ದರು. ಬೆಳ್ಳುಳ್ಳಿ ನಾತದವರು ಎಂಬುದೇ ಅವರ ಅಡ್ಡಹೆಸರು. ಸಮಾಜ ಸೇವೆಯ ಹೆಂಗಸರು ಮನೆಮನೆಗೆ ಹೋಗಿ, ಈ ಊಟ ಬಿಡಿ, ಹಾಲು ಕುಡಿಯಿರಿ, ಸಪ್ಪೆ ತಿನ್ನಿರಿ, ಆಗ ಅಮೆರಿಕದವರಾಗುತ್ತೀರಿ ಎಂದು ಬುದ್ಧಿ ಹೇಳುತ್ತಿದ್ದರು. ನಮಗೂ ಬುದ್ಧಿ ಹೇಳಿದ ಗಾಂಧಿವಾದಿಗಳು ನೆನಪಾಗುವುದಿಲ್ಲವೆ? ಮಾಂಸ ಬಿಡಿ, ಸ್ನಾನ ಮಾಡಿ, ಆಮೇಲೆ ನೋಡೋಣ ಎಂದವರು? 1899ರಿಂದ ಅಮೆರಿಕದ ವಲಸೆ ಕಚೇರಿ ಉತ್ತರ ಇಟಲಿಯವರನ್ನೂ ದಕ್ಷಿಣದವರನ್ನೂ ಎರಡು ಬೇರೆ ಜನಾಂಗವೆಂದೇ ಬರೆದುಕೊಳ್ಳುತ್ತಿತ್ತು. ಆರ್ಟುಸಿ ಪುಸ್ತಕ ಬಂದ ಅದೇ 1891ರ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸಿನಲ್ಲಿ ಗುಂಪೊಂದು ಜೈಲಿಗೆ ನುಗ್ಗಿ 11 ಇಟಲಿಯವರನ್ನು ಕೊಂದಿತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಬಾಗಿಲಿಗೆ ಬೀಗ ಹಾಕಿತ್ತು. ಸತ್ತವರು 146. ಹೆಚ್ಚಿನವರು ಯೆಹೂದಿ ಮತ್ತು ಇಟಲಿಯ ಹುಡುಗಿಯರು.

ಇದೆಲ್ಲ ಉಂಡವರೊಡನೆ ನನಗೆ ಜಗಳವಿಲ್ಲ. ಅವರು ನಮ್ಮವರೇ. ವ್ಯಾನ್ಜೆಟ್ಟಿ ಎಂಬಾತ 1908ರಲ್ಲಿ ಬಂದು ನ್ಯೂಯಾರ್ಕಿನ ಹೋಟೆಲಿನಲ್ಲಿ ತಟ್ಟೆ ತೊಳೆದ. ಪಾತ್ರೆ ತೊಳೆಯುವ ಬಿಸಿನೀರಿನ ಹಬೆ ಸೂರಿಗೆ ಹತ್ತಿ, ಅಲ್ಲಿನ ಕೊಳೆಯನ್ನು ಹೊತ್ತುಕೊಂಡು, ಹನಿಹನಿಯಾಗಿ ತನ್ನ ನೆತ್ತಿಯ ಮೇಲೆ ಬೀಳುತ್ತಿತ್ತೆಂದು ಮುಂದೆ ಜೈಲಿನಲ್ಲಿ ತನ್ನ ಕಥೆ ಬರೆದಿಟ್ಟ. ಮೀನು ಮಾರುತ್ತಿದ್ದ ಅವನನ್ನೂ, ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಸ್ಯಾಕೊನನ್ನೂ ಮ್ಯಾಸಚೂಸೆಟ್ಸ್ ರಾಜ್ಯ 1927ರ ಆಗಸ್ಟ್ 23ರಂದು ವಿದ್ಯುತ್ ಕುರ್ಚಿಯಲ್ಲಿ ಕೊಂದಿತು. ಅವರಿಗೆ ನ್ಯಾಯವಾದ ವಿಚಾರಣೆ ಸಿಗಲಿಲ್ಲವೆಂದು ಅದೇ ರಾಜ್ಯದ ಗವರ್ನರು ಒಪ್ಪಿಕೊಂಡದ್ದು 1977ರಲ್ಲಿ. ಐವತ್ತು ವರ್ಷ ತಡವಾಗಿ.

ಆದರೆ ಛಲದಿಂದ ಮಾತ್ರ ಮೇಲೆ ಬಂದರು ಎನ್ನುವುದು ಸುಳ್ಳು. ಇಲ್ಲಿದೆ ಹುನ್ನಾರ. ಅಮೆರಿಕದ 1790ರ ಕಾನೂನು ಹೊರಗಿಂದ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ ಎಂದಿತು. ಇಟಲಿಯವನನ್ನು ಎಷ್ಟೇ ಹೀಗಳೆದರೂ ಆ ಬಾಗಿಲು ಅವನಿಗೆ ಮುಚ್ಚಿರಲಿಲ್ಲ. ಪೌರತ್ವ ಸಿಕ್ಕಿತು, ವೋಟು ಸಿಕ್ಕಿತು. ಆ ತಳ್ಳುಗಾಡಿ ಮಾರುಕಟ್ಟೆ ಕಟ್ಟಿಸಿದ ಮೇಯರ್ ಲಗಾರ್ಡಿಯಾ ಇಟಲಿಯಿಂದ ಬಂದವನ ಮಗ. ಕಾರ್ಮಿಕ ಸಂಘ ಸಿಕ್ಕಿತು. ಮೂವತ್ತರ ದಶಕದಲ್ಲಿ ಸರ್ಕಾರ ಮನೆ ಸಾಲಕ್ಕೆ ನಕ್ಷೆ ಮಾಡಿತು. ಕಪ್ಪು ಜನರ ಕೇರಿಗಳ ಸುತ್ತ ಕೆಂಪು ಬಳಿದು, ಇಲ್ಲಿ ಸಾಲ ಅಪಾಯ ಎಂದು ಬರೆಯಿತು. 1944ರಲ್ಲಿ ಯುದ್ಧದಿಂದ ಬಂದ ಸೈನಿಕರಿಗೆ ಓದಲು, ಮನೆ ಕೊಳ್ಳಲು ಸರ್ಕಾರದ ನೆರವು. ಇಟಲಿಯವನ ಮಗನಿಗೆ ಸಿಕ್ಕಿತು. ಅವನ ಜೊತೆ ಅದೇ ಯುದ್ಧ ಮಾಡಿದ ಕಪ್ಪು ಸೈನಿಕ ಬ್ಯಾಂಕಿನ ಬಾಗಿಲಿಂದ ವಾಪಸು ಬಂದ. ಮನೆ, ಓದು, ಸಾಲ, ವೋಟು: ಇದು ಮೀಸಲಾತಿ ಅಲ್ಲದೆ ಮತ್ತೇನು ಸ್ವಾಮಿ? ಮೇಲಿನವರಿಗೆ ಸಿಕ್ಕರೆ ಅದು ಕಷ್ಟಪಟ್ಟ ಫಲ. ನಮಗೆ ಸಿಕ್ಕರೆ ಭಿಕ್ಷೆ.

ಇನ್ನೂ ಒಂದು ಮಾತಿದೆ, ಇದನ್ನು ಬೆಂಗಳೂರಿನವರಿಗೆ ತಟ್ಟೆಯಲ್ಲಿಟ್ಟು ಕೊಡಬೇಕು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರ, ಅಮೆರಿಕದ ಸೈನ್ಯದಲ್ಲಿ ದುಡಿದವರ, ಪೌರತ್ವದ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 1923ರ ಮಾತು. ಅವರ ಪರವಾಗಿ ಹೂಡಿದ ವಾದವೇನು? ಎಲ್ಲ ಮನುಷ್ಯರೂ ಸಮಾನರು ಎಂದೆ? ಇಲ್ಲ. ತಾನು ಮೇಲ್ಜಾತಿಯವನು, ಆರ್ಯ, ನೀವು ಕಪ್ಪು ಜನರನ್ನು ಹೇಗೆ ಕಾಣುತ್ತೀರೋ ಹಾಗೇ ನಾವೂ ನಮ್ಮ ಮೂಲನಿವಾಸಿಗಳನ್ನು ಕಾಣುತ್ತೇವೆ ಎಂದು. ಜಾತಿಯನ್ನೇ ಟಿಕೇಟು ಮಾಡಿ ತೋರಿಸಿದರು. ಕೋರ್ಟು ಆ ಟಿಕೇಟನ್ನು ಒಪ್ಪಲಿಲ್ಲ. ನಮ್ಮ ದೇಶದವರಿಗೆ ದೊಡ್ಡ ಸಂಖ್ಯೆಯಲ್ಲಿ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಆ ಹೊತ್ತಿಗೆ ಬೀದಿಯಲ್ಲಿ ಲಾಠಿ, ನಾಯಿ, ನೀರಿನ ಕೊಳವೆಗೆ ಮೈಯೊಡ್ಡಿದವರು ಕಪ್ಪು ಜನ. ಅವರು ದೇಶದ ಮನಸ್ಸನ್ನು ಅಲುಗಿಸದಿದ್ದರೆ ಆ ಕಾನೂನೂ ಇಲ್ಲ, ಇವರ ವೀಸಾವೂ ಇಲ್ಲ. ಹೋಟೆಲಿನ ಕೌಂಟರಿನಲ್ಲಿ ಒಂದು ಕಪ್ಪು ಕಾಫಿಗಾಗಿ 1960ರಲ್ಲಿ ಗ್ರೀನ್ಸ್‌ಬರೊ ಊರಿನ ನಾಲ್ಕು ವಿದ್ಯಾರ್ಥಿಗಳು ಕದಲದೆ ಕೂತರಲ್ಲ, ನಮ್ಮ ಸೂರಿನ ಲೋಟಕ್ಕೂ ಆ ಕಾಫಿಗೂ ನಂಟಿದೆ.

ಬಾಬಾಸಾಹೇಬರು ಇದೇ ನ್ಯೂಯಾರ್ಕಿಗೆ 1913ರಲ್ಲಿ ಬಂದರು. ಇಟಲಿಯ ಹಡಗುಗಳು ಜನ ಸುರಿಯುತ್ತಿದ್ದ ವರ್ಷಗಳು. ಕೊಲಂಬಿಯಾದ ವಿದ್ಯಾರ್ಥಿಗಳ ಜೊತೆ ಕೂತು ಉಂಡರು. ವಿದೇಶದ ಐದು ವರ್ಷಗಳಲ್ಲಿ ತಾನು ಅಸ್ಪೃಶ್ಯ ಎಂಬ ನೆನಪೇ ಅಳಿಸಿಹೋಗಿತ್ತು ಎಂದು ಅವರೇ ಬರೆದಿದ್ದಾರೆ. 1917ರಲ್ಲಿ ಬರೋಡಾಕ್ಕೆ ಹೋದಾಗ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ ದಿನ, ಉಣ್ಣುತ್ತಿದ್ದವರ ಮೇಲೆ ಗುಂಪು ನುಗ್ಗಿ ಅನ್ನವನ್ನು ಮಣ್ಣುಪಾಲು ಮಾಡಿತು. ಸ್ಯಾಕೊ, ವ್ಯಾನ್ಜೆಟ್ಟಿ ಸತ್ತದ್ದೂ ಅದೇ ವರ್ಷ ಎಂದು ನಾನು ಮಕ್ಕಳಿಗೆ ಪಾಠ ಮಾಡುವಾಗ ಒಟ್ಟಿಗೇ ಹೇಳುತ್ತಿದ್ದೆ. ಪಠ್ಯದಲ್ಲಿರಲಿಲ್ಲ. ಇನ್‌ಸ್ಪೆಕ್ಟರು ಬಂದರೆ ಬೇರೆ ಪಾಠ.

ಕೈ ತೊಳೆಯಲು ಹಿಂದಕ್ಕೆ ಹೋದೆ. ತೂಗುಬಾಗಿಲು ತೆರೆದಾಗೊಮ್ಮೆ ಅಡಿಗೆಮನೆ ಕಾಣುತ್ತಿತ್ತು. ಒಳಗೆ ಒಬ್ಬ ಇಟಲಿಯವನೂ ಇರಲಿಲ್ಲ. ಒಲೆಯ ಮುಂದೆ, ತೊಟ್ಟಿಯ ಮುಂದೆ ಇದ್ದವರೆಲ್ಲ ಮೆಕ್ಸಿಕೊದ ಪುಯೆಬ್ಲಾ ಸೀಮೆಯವರು ಎಂದು ಬಡಿಸುವವನು ಹೇಳಿದ. ನ್ಯೂಯಾರ್ಕಿನ ಹೋಟೆಲುಗಳ ಅಡಿಗೆಮನೆ ಬಹಳ ಕಾಲದಿಂದ ಅವರ ಬೆನ್ನಿನ ಮೇಲೆಯೇ ನಿಂತಿದೆ. ಎಷ್ಟೋ ಜನಕ್ಕೆ ಕಾಗದಪತ್ರ ಇಲ್ಲ. ಕಾಗದ ಇಲ್ಲದವನು ಕೂಲಿ ಕಡಿಮೆ ಕೊಟ್ಟರೂ ಕೇಳುವಂತಿಲ್ಲ. ನಮ್ಮ ಬೆಂಗಳೂರಿನವರು ನಂಬಕ್ಕಾಗಲ್ಲ ಎಂದ ಮೆಕ್ಸಿಕೊದವನ ಕೈಯಿಂದಲೇ ಅವರ ಶುದ್ಧ ಊಟ ತಯಾರಾಗಿತ್ತು. ಟೊಮೆಟೊ ಎಂಬ ಹೆಸರೇ ಮೆಕ್ಸಿಕೊದ ನಹುವಾತ್ಲ್ ಭಾಷೆಯದು. ಹಣ್ಣು ಅವರದು, ಹೆಸರು ಅವರದು, ಬೇಯಿಸಿದ್ದು ಅವರು, ಬೋರ್ಡು ಇಟಲಿಯದು.

ಮುಂದೆ ಬಡಿಸುವವನಿಗಾದರೂ ಟಿಪ್ಸು ಉಂಟು. ಅದೂ ಒಂದು ಮೋಸದ ಕಥೆ. 1865ರಲ್ಲಿ ಗುಲಾಮಗಿರಿ ಹೋದ ಮೇಲೆ ಬಿಡುಗಡೆಯಾದ ಕಪ್ಪು ಜನರನ್ನು ಹೋಟೆಲಿಗೆ, ರೈಲಿಗೆ ಸೇರಿಸಿಕೊಂಡು, ಸಂಬಳ ಕೊಡದೆ, ಗಿರಾಕಿ ಕೊಟ್ಟದ್ದು ನಿನ್ನದು ಎಂದರು. ಅದೇ ಪದ್ಧತಿ ಬೇರೂರಿತು. ಅಮೆರಿಕದ ಒಕ್ಕೂಟದ ಕಾನೂನಿನಲ್ಲಿ ಟಿಪ್ಸು ಪಡೆಯುವವರಿಗೆ ಮಾಲೀಕ ಕೊಡಲೇಬೇಕಾದ ಕೂಲಿ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ. ನ್ಯೂಯಾರ್ಕಿನಂಥ ಕಡೆ ಹೋರಾಡಿ ಹೆಚ್ಚು ಮಾಡಿಸಿಕೊಂಡಿದ್ದಾರೆ.

ಕಪಾಟಿನಲ್ಲಿ ಇಟಲಿಯ ಟೊಮೆಟೊ ಡಬ್ಬಿಗಳನ್ನು ಶೋಕಿಗೆ ಜೋಡಿಸಿದ್ದರು. ಆ ಇಟಲಿಯ ಹೊಲಗಳಲ್ಲಿ ಈಗ ಬಗ್ಗಿ ದುಡಿಯುತ್ತಿರುವವರು ಆಫ್ರಿಕಾದವರು, ನಮ್ಮ ಪಂಜಾಬಿನವರು. 2024ರ ಜೂನಿನಲ್ಲಿ ರೋಮಿನ ದಕ್ಷಿಣದ ಲತೀನಾ ಸೀಮೆಯಲ್ಲಿ ಸತ್ನಾಮ್ ಸಿಂಗ್ ಎಂಬ ಕೂಲಿಯ ತೋಳು ಯಂತ್ರಕ್ಕೆ ಸಿಕ್ಕಿ ಕಡಿದುಹೋಯಿತು. ಆಸ್ಪತ್ರೆಗೆ ಸಾಗಿಸಲಿಲ್ಲ. ಮನೆಯ ಮುಂದೆ ಇಳಿಸಿ ಹೋದರು. ಕಡಿದ ತೋಳನ್ನು ಹಣ್ಣಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಎರಡು ದಿನಕ್ಕೆ ಸತ್ತ. ಇಟಲಿಯ ಬಡವನ ಅಡಿಗೆ ಎಂದು ಮೆನು ಕಾರ್ಡಿನಲ್ಲಿ ಹೊಗಳುವವರು ಇಟಲಿಯ ಇವತ್ತಿನ ಬಡವನ ಹೆಸರು ಬರೆಯುವುದಿಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಬೆಳ್ಳುಳ್ಳಿ ನಾತ ಘಮವಾದದ್ದು ಯಾವಾಗ? ತಿನ್ನುವವನಿಗೆ ವೋಟು, ಮನೆ, ಸಾಲ, ಬಿಳಿಯ ಬಣ್ಣ ಸಿಕ್ಕಿದ ಮೇಲೆ. ತೊಟ್ಟಿಯ ಮುಂದಿನ ಅವನ ಜಾಗಕ್ಕೆ ಇನ್ನೊಬ್ಬ ಬಂದು ನಿಂತ ಮೇಲೆ. ನಮ್ಮ ರಾಗಿಯ ಕಥೆಯೂ ಹೀಗೇ ಆಗುತ್ತಿದೆ. ಮುದ್ದೆ ತಿನ್ನುವವನು ದಡ್ಡ ಎಂದು ನಕ್ಕವರೇ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಎಂದು ಸಾರಿದ ಮೇಲೆ ರಾಗಿ ಬಿಸ್ಕತ್ತನ್ನು ಮುನ್ನೂರು ರೂಪಾಯಿಗೆ ಕೊಳ್ಳುತ್ತಿದ್ದಾರೆ. ರಾಗಿಗೆ ಗೌರವ ಬಂತು. ರಾಗಿ ಬೀಸಿದವಳಿಗೆ? ನಾಳೆ ಬೋಟಿಯೂ ಬೆಂಗಳೂರಿನ ಮೇಜಿಗೆ ಬರುತ್ತದೆ, ನೋಡುತ್ತಿರಿ. ಒಳ್ಳೆಯ ಹೆಸರಿಟ್ಟುಕೊಂಡು ಬರುತ್ತದೆ. ಆಗ ‘ನಿಮ್ಮ ಊಟಕ್ಕೂ ಮರ್ಯಾದೆ ಸಿಕ್ಕಿತಲ್ಲ’ ಎಂದು ನಮ್ಮ ಬೆನ್ನು ತಟ್ಟಲು ಬಂದರೆ, ನಮ್ಮ ಹುಡುಗರು ಮೊದಲು ಅಡಿಗೆಮನೆಗೆ ನುಗ್ಗಿ ತೊಟ್ಟಿಯ ಮುಂದೆ ಯಾರಿದ್ದಾರೆ ನೋಡಬೇಕು.

ಬಿಲ್ಲನ್ನು ಬೆಂಗಳೂರಿನವರೇ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಹೇಳಿದೆನಲ್ಲ, ಒಳ್ಳೆಯವರು. ಬೋಟಿ ಹೆಚ್ಚಾಗಿತ್ತು, ಅರ್ಧವನ್ನು ಡಬ್ಬಿಗೆ ಹಾಕಿಸಿಕೊಂಡೆವು.

ರಾತ್ರಿ ಹನ್ನೊಂದು ಗಂಟೆಗೆ ನೀರು ಕುಡಿಯಲು ಎದ್ದೆ. ಅಡಿಗೆಮನೆಯಲ್ಲಿ ದೀಪ ಇತ್ತು. ಹುಡುಗ ನಿಂತುಕೊಂಡೇ ಆ ಬೋಟಿ ಬಿಸಿ ಮಾಡಿ ಬಾಣಲೆಯಿಂದಲೇ ತಿನ್ನುತ್ತಿದ್ದ.

‘ಅವ್ವ ಮಾಡೋ ಥರಾನೇ ಅದೆ ಮಾವ’ ಅಂದ.

‘ಖಾರ ಕಮ್ಮಿ’ ಅಂದೆ.

‘ಹೂಂ, ಖಾರ ಕಮ್ಮಿ.’

ಕಿಟಕಿ ಭದ್ರವಾಗಿ ಮುಚ್ಚಿತ್ತು. ಮೇಲಿನ ಮಹಡಿಯಲ್ಲಿ ಅದೇ ಆಫೀಸಿನವರು ಇದ್ದಾರಂತೆ, ನಮ್ಮ ಕಡೆಯವರೇ. ಹೊಗೆ ತುಂಬಿ ನನಗೆ ಕೆಮ್ಮು ಬಂತು. ಹೋಗಿ ಕಿಟಕಿ ತೆಗೆದೆ. ಚಳಿಗಾಳಿ ಬಂತು. ಅವನು ಏನೂ ಅನ್ನಲಿಲ್ಲ. ಇನ್ನೊಂದು ತುತ್ತು ತಿಂದು, ಬಂದು ಮತ್ತೆ ಮುಚ್ಚಿದ.